ಮನೆಯಲ್ಲಿ ಯಾರಿದ್ದರು

ಫೆಬ್ರವರಿ ೪

ಅಕ್ಕಾ,

ವಕೀಲರ ಪತ್ರ ನಿನಗೂ ಬಂದಿರಬೇಕು. ಅಣ್ಣನ ಬೋರ್ಡ್ ಬರೆಯುವ ಅಂಗಡಿ ಕೊನೆಗೂ ಮಾರಾಟವಾಯಿತು. ಕೊಂಡವರು ಅಲ್ಲಿ ಕನ್ನಡಕದ ಅಂಗಡಿ ಇಡುತ್ತಾರಂತೆ. ಅವನು ಬಣ್ಣ ನೋಡಲು ಗೋಡೆಯ ಮೇಲೆ ಎಳೆಯುತ್ತಿದ್ದ ಗೆರೆಗಳಿಗೆ ಆಗಲೇ ಸುಣ್ಣ ಹೊಡೆದಿದ್ದಾರೆ. ಉಯಿಲಿನಲ್ಲಿ ಅವನು ಹೆಚ್ಚೇನೂ ಹೇಳಿಲ್ಲ. ಅಂಗಡಿಯ ಹಣವನ್ನು ಅಕ್ಕ, ತಂಗಿ ಇಬ್ಬರೂ ಸೇರಿ ಯಾವುದಾದರೂ ಒಳ್ಳೆಯ ಕೆಲಸಕ್ಕೆ ಕೊಡಬೇಕು, ಇಬ್ಬರ ಸಹಿಯೂ ಇರಬೇಕು, ಅಷ್ಟೆ. ನಾವಿಬ್ಬರೂ ಎಷ್ಟರಮಟ್ಟಿಗೆ ಮಾತಾಡಿಕೊಳ್ಳುತ್ತೇವೆ ಎನ್ನುವುದು ಅವನಿಗೆ ಗೊತ್ತಿತ್ತು. ಬೇಕೆಂತಲೇ ಮಾಡಿದ್ದಾನೆ.

ಯಾರಿಗೆ ಕೊಡಬೇಕು ಎಂದು ಯೋಚಿಸುವ ಅಗತ್ಯವೇ ಇಲ್ಲ. ಮನೆಗೇ ಬಂದು ರೋಗಿಗಳನ್ನು ನೋಡಿಕೊಳ್ಳುವ ಆ ನರ್ಸುಗಳ ಸಂಸ್ಥೆಗೇ ಕೊಡೋಣ. ಐದು ತಿಂಗಳು ಅವನನ್ನು ನೋಡಿಕೊಂಡವರು ಅವರು. ಕಾಸು ಕೇಳಲಿಲ್ಲ, ಮುಖ ಸಿಂಡರಿಸಲಿಲ್ಲ. ನಾನೂ ಕ್ಲಿನಿಕ್ಕಿನ ಕೆಲಸ ಮುಗಿಸಿ ದಿನಾ ಅಲ್ಲೇ ಇರುತ್ತಿದ್ದೆನಾದ್ದರಿಂದ ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ದೇಣಿಗೆಯ ಅರ್ಜಿ ಇದರ ಜೊತೆಗಿದೆ. ನೀನು ಸಹಿ ಮಾಡಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಅವನು ಮಲಗಿದ್ದಾಗಂತೂ ಬರಲಿಲ್ಲ, ಇದನ್ನಾದರೂ ತಡ ಮಾಡಬೇಡ.

ತಂಗಿ


ಫೆಬ್ರವರಿ ೧೧

ತಂಗೀ,

ಅರ್ಜಿ ತಲುಪಿತು. ಸಹಿ ಮಾಡಿಲ್ಲ.

ಸಿಟ್ಟು ಮಾಡಿಕೊಳ್ಳುವ ಮೊದಲು ಪೂರ್ತಿ ಓದು. ನಾನು ಮೂವತ್ತೊಂದು ವರ್ಷ ಬಟ್ಟೆ ಗಿರಣಿಯ ಕೊನೆಯ ಮೇಜಿನ ಮುಂದೆ ನಿಂತವಳು. ಮೇಜಿನ ಗಾಜಿನ ಕೆಳಗೆ ದೀಪ, ಮೇಲೆ ಹರಿದು ಹೋಗುವ ಬಟ್ಟೆ, ಕೈಯಲ್ಲಿ ಸೀಮೆಸುಣ್ಣ. ಎಳೆ ತಪ್ಪಿದ ಕಡೆ ಗುರುತು ಹಾಕುವುದು, ಇಲ್ಲದ ಕಡೆ ಸುಮ್ಮನಿರುವುದು. ನೇಯ್ದವರು ಒಳ್ಳೆಯವರು ಎಂದು ಒಂದು ಗಜವನ್ನೂ ನೋಡದೆ ಬಿಟ್ಟಿಲ್ಲ. ನಿನ್ನ ಭಾವ ಹೇಳುತ್ತಾರೆ, ನಾನು ಸಾಬೂನು ಕೊಳ್ಳುವಾಗಲೂ ಹೊದಿಕೆಯ ಹಿಂಬದಿ ಓದುತ್ತೇನೆ ಅಂತ. ಹೌದು, ಓದುತ್ತೇನೆ.

ಈ ಸಂಸ್ಥೆಗೆ ವರ್ಷಕ್ಕೆ ಬರುವ ಹಣ ಎಷ್ಟು, ಅದರಲ್ಲಿ ನರ್ಸುಗಳ ಸಂಬಳಕ್ಕೆ, ಔಷಧಕ್ಕೆ ಹೋಗುವುದೆಷ್ಟು, ಹಣ ಕೇಳಿ ಬರೆಯುವ ಕಾಗದಕ್ಕೆ, ಸಮಾರಂಭಕ್ಕೆ ಹೋಗುವುದೆಷ್ಟು, ಲೆಕ್ಕ ಪರಿಶೋಧಕರು ಯಾರು, ಅವರು ಕಾರ್ಯದರ್ಶಿಯ ಷಡ್ಡಕರೋ ಬೇರೆಯವರೋ? ಇಷ್ಟು ಗೊತ್ತಾಗಬೇಕು. ಅವರು ಒಳ್ಳೆಯವರಾಗಿದ್ದರೆ ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಅದು ಅವನು ಹದಿನೆಂಟು ವರ್ಷ ಏಣಿಯ ಮೇಲೆ ನಿಂತು ದುಡಿದ ಹಣ. ಕೊಡುವುದು ಒಂದೇ ಸಲ. ಫೋನ್ ಮಾಡಬೇಡ. ಫೋನಿನಲ್ಲಿ ನಮ್ಮ ಮಾತು ಮೂರನೇ ನಿಮಿಷಕ್ಕೆ ಕೆಡುತ್ತದೆ. ಬರೆ.

ಅಕ್ಕ


ಫೆಬ್ರವರಿ ೨೦

ಅಕ್ಕಾ,

ನಿನ್ನ ಪತ್ರ ಕ್ಲಿನಿಕ್‌ನಲ್ಲೇ ಓದಿದೆ. ಎದುರಿಗೆ ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡು ಆರು ಜನ ಕೂತಿದ್ದರು. ಅವರಿಗಿಂತ ನನ್ನ ಮುಖವೇ ಕೆಟ್ಟದಾಗಿತ್ತು ಎಂದು ಡಾಕ್ಟರು ಹೇಳಿದರು.

ಅಣ್ಣನ ಬೆನ್ನು ತೊಳೆದವರು ಅವರು. ಅವನ ಬಾಯಿ ಒಣಗಿದಾಗ ಹತ್ತಿಯಲ್ಲಿ ನೀರು ಮುಟ್ಟಿಸಿದವರು. ಅವರ ಹತ್ತಿರ ಹೋಗಿ ರಸೀದಿ ತೋರಿಸಿ ಎನ್ನುತ್ತೀಯಾ? ಅವನು ಹೋದ ದಿನ ದೊಡ್ಡಪ್ಪನ ಮಗಳು ಎಲ್ಲರ ಮುಂದೆ ಹೇಳಿದ ಮಾತು ನಿನಗೆ ಚುಚ್ಚಿದೆ, ನನಗೆ ಗೊತ್ತು. "ಚಿಕ್ಕವಳು ಮೈ ಸವೆಸಿದ್ಳು, ದೊಡ್ಡವಳು ಸತ್ತ ಮೇಲೆ ಬಂದ್ಳು" ಎಂದಳು. ಹೇಳಿದ್ದು ಅವಳು, ನಾನಲ್ಲ. ಆದರೆ ಆ ಸಿಟ್ಟನ್ನು ಈ ನರ್ಸುಗಳ ಮೇಲೆ ತೀರಿಸಿಕೊಳ್ಳಬೇಡ.

ಸಂಸ್ಥೆಯ ಪುಸ್ತಿಕೆ ಕಳಿಸಿದ್ದೇನೆ. ಒಂಬತ್ತನೇ ಪುಟದಲ್ಲಿ ಖರ್ಚಿನ ಚಿತ್ರವಿದೆ, ಬಣ್ಣಬಣ್ಣದ್ದು. ನೋಡಿ ತೃಪ್ತಿಪಟ್ಟುಕೋ.

ತಂಗಿ


ಮಾರ್ಚ್ ೬

ತಂಗೀ,

ಈ ಪತ್ರದ ಮೇಲೆ ನಿನ್ನ ಊರಿನದೇ ಅಂಚೆ ಮುದ್ರೆ ನೋಡಿ ಆಶ್ಚರ್ಯವಾದೀತು. ಮೊನ್ನೆ ಬಂದೆ. ರೈಲು ನಿಲ್ದಾಣದ ಹಿಂದಿನ ಲಾಡ್ಜಿನಲ್ಲಿ ಇಳಿದಿದ್ದೇನೆ. ಕೋಣೆ ಚೊಕ್ಕಟವಾಗಿದೆ, ನಲ್ಲಿ ಮಾತ್ರ ಬಿಡದೆ ತೊಟ್ಟಿಕ್ಕುತ್ತದೆ. ನಾಳೆ ಬೆಳಗಿನ ರೈಲಿಗೆ ವಾಪಸ್ಸು.

ಹೇಳದೆ ಕೇಳದೆ ಸಂಸ್ಥೆಯ ಕಚೇರಿಗೆ ಹೋದೆ. ಬ್ರೆಡ್ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲು ಎಷ್ಟು ಕಡಿದೆಂದರೆ ರೋಗಿಗಳ ಮನೆಗೆ ಇವರೇ ಹೋಗುವುದು ಯಾಕೆ ಎನ್ನುವುದು ತಿಳಿಯುತ್ತದೆ. ಕಾರ್ಯದರ್ಶಿ ಹಿಂದೆ ಅಂಚೆ ಇಲಾಖೆಯಲ್ಲಿದ್ದವರು, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ಹಣ ಕೊಡುವ ಮೊದಲು ನೋಡಬೇಕು ಎಂದೆ. ಕೂತ್ಕೊಳ್ಳಿ ಎಂದು ಮೂರು ವರ್ಷದ ಲೆಕ್ಕಪತ್ರ ತಂದು ನನ್ನ ಮುಂದಿಟ್ಟು, ಅವರು ತಮ್ಮ ಕೆಲಸಕ್ಕೆ ಹೋದರು. ಪಕ್ಕದಲ್ಲಿ ಕೂತು ವಿವರಿಸಲಿಲ್ಲ. ಅದು ನನಗೆ ಹಿಡಿಸಿತು. ವಿವರಿಸಲು ಆತುರಪಡುವವರ ಬಟ್ಟೆಯನ್ನು ನಾನು ಯಾವಾಗಲೂ ಎರಡು ಸಲ ನೋಡುತ್ತಿದ್ದೆ.

ನೂರರಲ್ಲಿ ಎಪ್ಪತ್ತೊಂದು ನರ್ಸುಗಳ ಸಂಬಳ ಮತ್ತು ಔಷಧಕ್ಕೆ. ಸ್ಕೂಟರಿಗೆ, ಪೆಟ್ರೋಲಿಗೆ ಹನ್ನೆರಡು. ಉಳಿದದ್ದು ಬಾಡಿಗೆ, ದೂರವಾಣಿ, ಕಾಗದ. ನೂರರಲ್ಲಿ ಎಪ್ಪತ್ತೊಂದು ಕಡಿಮೆಯಲ್ಲವೇ ಎಂದು ಕೇಳಿದೆ. ಅವರು ದೂರವಾಣಿಯ ಮುಂದೆ ಕೂತಿದ್ದ ಹೆಂಗಸನ್ನು ತೋರಿಸಿದರು. ಅವಳ ಸಂಬಳ ಕಚೇರಿ ಖರ್ಚಿನಲ್ಲಿ ಬರುತ್ತದೆ. ಅವಳು ಬೆಳಗಿನಿಂದ ಸಂಜೆವರೆಗೆ ಮಾಡುವುದು ಒಂದೇ ಕೆಲಸ: ನೋವಿನ ಮಾತ್ರೆ ಮುಗಿಯಿತೇ ಎಂದು ಮನೆಮನೆಗೆ ಕೇಳುವುದು. ಅವಳನ್ನು ತೆಗೆದರೆ ನಮ್ಮ ಅಂಕಿ ಚೆನ್ನಾಗಿ ಕಾಣ್ತದೆ ಎಂದರು. ನಾನು ಅರ್ಧ ಗಂಟೆ ಅವಳ ಪಕ್ಕ ಕೂತು ಕೇಳಿಸಿಕೊಂಡೆ. ಆ ಪ್ರಶ್ನೆ ಕೈಬಿಟ್ಟೆ.

ಒಂದು ತಪ್ಪು ಸಿಕ್ಕಿತು. ನೀನು ಕಳಿಸಿದ ಪುಸ್ತಿಕೆಯಲ್ಲಿ "ದಿನನಿತ್ಯದ ಭೇಟಿ" ಎಂದಿದೆ. ನಿಜವಾಗಿ ಹೋಗುವುದು ವಾರಕ್ಕೆ ಮೂರು ದಿನ. ಹೇಳಿದೆ. ಪುಸ್ತಿಕೆ ಬರೆಸಿದ್ದು ಬೇರೆಯವರು ಎಂದರು. ಅಚ್ಚು ಹಾಕಿಸಿದ್ದು ನೀವು ಎಂದೆ. ಕನ್ನಡಕ ತೆಗೆದು ಒರೆಸಿಕೊಂಡರು.

ಭೇಟಿಗಳು ನಿಜಕ್ಕೂ ನಡೆದಿವೆಯೇ ಎನ್ನುವುದು ರೋಗಿಗಳ ಫೈಲು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಎರಡು ಫೈಲು ತೋರಿಸಿ ಎಂದೆ. ತೋರಿಸುವುದಿಲ್ಲ ಎಂದರು, ಬೇರೆಯವರ ಮನೆಯ ವಿಷಯವಂತೆ. ಸರಿಯಾದ ಉತ್ತರ. ಆದರೆ ತೀರಿಕೊಂಡವರ ಫೈಲನ್ನು ಒಡಹುಟ್ಟಿದವರು ಅರ್ಜಿ ಕೊಟ್ಟು ನೋಡಬಹುದಂತೆ. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಬಂದು ಅವನ ಫೈಲು ನೋಡುತ್ತೇನೆ.

ಅಕ್ಕ


ಮಾರ್ಚ್ ೯

ಅಕ್ಕಾ,

ನನ್ನ ಮನೆಯಿಂದ ಲಾಡ್ಜಿಗೆ ನಡೆದರೆ ಇಪ್ಪತ್ತು ನಿಮಿಷ. ಹೊರಕೋಣೆಯ ಮಂಚ ಖಾಲಿಯೇ ಇರುತ್ತದೆ. ಇರಲಿ ಬಿಡು.

ಯೋಚಿಸಿ ನೋಡಿದೆ. ನಿನಗೆ ಇಷ್ಟು ಅನುಮಾನವಿದ್ದರೆ ನರ್ಸುಗಳ ಸಂಸ್ಥೆ ಬೇಡವೇ ಬೇಡ. ಕಿವಿ ಕೇಳದ ಮಕ್ಕಳಿಗೆ ಯಂತ್ರ ಕೊಡುವ ಸಂಸ್ಥೆಯೊಂದಿದೆ. ನಮ್ಮ ಡಾಕ್ಟರು ಪ್ರತಿ ವರ್ಷ ಅವರಿಗೆ ಕೊಡುತ್ತಾರೆ. ಮಕ್ಕಳ ಕೆಲಸ, ಅಣ್ಣನಿಗೂ ಇಷ್ಟವಾಗುತ್ತಿತ್ತು. ಅವರ ಅರ್ಜಿ ಕಳಿಸಿದ್ದೇನೆ, ಇದಕ್ಕೆ ಸಹಿ ಮಾಡು, ಮುಗಿಸೋಣ.

ಅಣ್ಣನ ಫೈಲು ತೆಗೆಸಬೇಡ. ಸತ್ತವನ ಮೈಯ ವಿಷಯ ಅದರಲ್ಲಿರುತ್ತದೆ. ಅವನು ಬದುಕಿದ್ದಾಗ ಯಾರಿಗೂ ತೋರಿಸಲು ಇಷ್ಟಪಡದಿದ್ದನ್ನು ಈಗ ಹರಡಿಕೊಂಡು ಓದುವುದು ನನಗೆ ಸರಿ ಕಾಣುವುದಿಲ್ಲ.

ತಂಗಿ


ಮಾರ್ಚ್ ೨೮

ತಂಗೀ,

ಕಿವಿಯ ಯಂತ್ರದ ಸಂಸ್ಥೆಯನ್ನೂ ನೋಡಿ ಬಂದೆ. ಅದರ ಕಚೇರಿ ನನ್ನ ಊರಿಗೆ ಹತ್ತಿರ, ಬಸ್ಸಿನಲ್ಲಿ ಒಂದೂವರೆ ಗಂಟೆ. ವಿಳಾಸ ಹಿಡಿದು ಹೋದರೆ ಅದು ಟಯರ್ ಅಂಗಡಿಯ ಹಿಂದಿನ ಕೋಣೆ, ಬೀಗ ಹಾಕಿತ್ತು. ಟಯರಿನವನು ಪಾಪ ಒಳ್ಳೆಯವನು, ಕೂರಲು ಟಯರನ್ನೇ ಉರುಳಿಸಿ ಕೊಟ್ಟ. ವರ್ಷಕ್ಕೊಂದು ದೊಡ್ಡ ಊಟದ ಸಮಾರಂಭ ಮಾಡುತ್ತಾರಂತೆ, ಅದರ ಹಿಂದುಮುಂದಿನ ಎರಡು ವಾರ ಬಾಗಿಲು ತೆರೆದಿರುತ್ತದಂತೆ. "ಕಾಗದ ಬಂದ್ರೆ ನಾನೇ ಇಟ್ಕೊಂಡಿರ್ತೀನಿ, ನೀವೂ ಕೊಟ್ಟು ಹೋಗಿ" ಎಂದ.

ಅವರ ಲೆಕ್ಕಪತ್ರವನ್ನು ನೋಂದಣಿ ಕಚೇರಿಯಲ್ಲಿ ಶುಲ್ಕ ಕಟ್ಟಿ ಪಡೆದೆ. ನೂರರಲ್ಲಿ ತೊಂಬತ್ತು "ಮಕ್ಕಳಿಗಾಗಿ" ಎಂದಿದೆ. ನೋಡಲು ನರ್ಸುಗಳ ಸಂಸ್ಥೆಗಿಂತ ಎಷ್ಟೋ ಚೆಂದ. ಆ ತೊಂಬತ್ತರ ಒಳಗೆ "ಜಾಗೃತಿ ಕಾರ್ಯಕ್ರಮ" ಎಂಬುದೊಂದು ಅರವತ್ತನ್ನು ನುಂಗಿದೆ. ಅದು ಆ ಊಟ. ಕಿವುಡ ಮಕ್ಕಳ ಶಾಲೆಗೂ ಹೋಗಿ ಕೇಳಿದೆ. ಹನ್ನೆರಡು ಯಂತ್ರ ಬಂದಿದ್ದು ನಿಜ. ಅವಕ್ಕೆ ಹಾಕುವ ಬ್ಯಾಟರಿ ಎಲ್ಲೂ ಸಿಗುವುದಿಲ್ಲ, ಯಂತ್ರಗಳು ಪೆಟ್ಟಿಗೆಯಲ್ಲೇ ಇವೆ. ಮುಖ್ಯೋಪಾಧ್ಯಾಯಿನಿ ಪೆಟ್ಟಿಗೆ ತೆರೆದು ತೋರಿಸಿ ಮತ್ತೆ ಮುಚ್ಚಿದರು. ಮಕ್ಕಳು ಕಿಟಕಿಯಿಂದ ನೋಡುತ್ತಿದ್ದರು. ನಿಮ್ಮ ಡಾಕ್ಟರಿಗೆ ಇದನ್ನು ನೀನೇ ಹೇಳು, ಹಲ್ಲನ್ನು ತಟ್ಟಿ ನೋಡುವವರು ಇದನ್ನು ನೋಡದೆ ಕೊಡುತ್ತಿದ್ದಾರೆ.

ನೀನು ಕೇಳಿದ್ದನ್ನು ಯೋಚಿಸಿದೆ. ಫೈಲಿನಲ್ಲಿ ಅವನ ಮೈಯ ವಿಷಯ ಬಂದರೆ ಅಲ್ಲಿ ಕಣ್ಣು ನಿಲ್ಲಿಸುವುದಿಲ್ಲ. ನನಗೆ ಬೇಕಾದದ್ದು ತಾರೀಕು, ಹೊತ್ತು, ಔಷಧ, ಸಹಿ. ಅರ್ಜಿ ಹಾಕಿ ಆಗಿದೆ. ಏಪ್ರಿಲ್ ಹದಿನೇಳು ಎಂದು ಕಾರ್ಯದರ್ಶಿ ಬರೆದಿದ್ದಾರೆ.

ಅಕ್ಕ


ಏಪ್ರಿಲ್ ೮

ಅಕ್ಕಾ,

ನೋಡಲೇಬೇಕೇ?

ನೋಡುವುದಾದರೆ ನೋಡು. ನಾನು ಆ ದಿನ ರಜೆ ಕೇಳಿದ್ದೆ, ಸಿಗಲಿಲ್ಲ. ಆದ್ದರಿಂದ ಜೊತೆಗೆ ಬರಲಾಗುವುದಿಲ್ಲ.

ತಂಗಿ


ಏಪ್ರಿಲ್ ೧೯

ತಂಗೀ,

ಹದಿನೇಳರಂದು ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಫೈಲು ನೋಡಿದೆ. ಐದು ತಿಂಗಳಲ್ಲಿ ಅರವತ್ತೊಂದು ಭೇಟಿ. ಪ್ರತಿ ಭೇಟಿಗೂ ಒಂದು ಹಾಳೆ. ಬಂದ ಹೊತ್ತು, ಹೋದ ಹೊತ್ತು, ಕೊಟ್ಟ ಔಷಧ, ನರ್ಸಿನ ಸಹಿ. ಒಂಬತ್ತು ತಾರೀಕುಗಳನ್ನು ಆರಿಸಿ ಔಷಧದ ದಾಸ್ತಾನು ಪುಸ್ತಕದೊಂದಿಗೆ, ಪೆಟ್ರೋಲ್ ಚೀಟಿಗಳೊಂದಿಗೆ ತಾಳೆ ನೋಡಿದೆ. ಎಲ್ಲವೂ ಹೊಂದುತ್ತವೆ. ಒಂದು ದಿನ ಸ್ಕೂಟರ್ ಕೆಟ್ಟು ನರ್ಸ್ ನಡೆದೇ ಬಂದಿದ್ದಾಳೆ, ಅದನ್ನೂ ಬರೆದಿದ್ದಾಳೆ. ಸುಳ್ಳು ಬರೆಯುವವರು ಸ್ಕೂಟರ್ ಕೆಡಿಸುವುದಿಲ್ಲ.

ಹೊಸ ಪುಸ್ತಿಕೆಯ ಕರಡನ್ನು ತೋರಿಸಿದರು. "ವಾರಕ್ಕೆ ಮೂರು ಭೇಟಿ" ಎಂದು ತಿದ್ದಿದ್ದಾರೆ. ಹಳೆಯದು ಉಳಿದಿದ್ದ ಕಟ್ಟನ್ನು ಕೆಳಗಿನ ಬ್ರೆಡ್ ಅಂಗಡಿಗೆ ಕೊಟ್ಟುಬಿಟ್ಟಿದ್ದಾರೆ.

ನನಗೆ ತೃಪ್ತಿಯಾಗಿದೆ. ಮೊದಲ ಅರ್ಜಿಗೆ ಸಹಿ ಮಾಡಿ ಇದರೊಂದಿಗೆ ಕಳಿಸಿದ್ದೇನೆ. ನೀನೂ ಮಾಡಿ ವಕೀಲರಿಗೆ ತಲುಪಿಸು.

ಫೈಲಿನಲ್ಲಿ ಹಣಕ್ಕೆ ಸಂಬಂಧಪಡದ ವಿಷಯಗಳೂ ಇವೆ. ನಾನು ನೋಡಲು ಹೋದದ್ದು ಅವನ್ನಲ್ಲ.

ಅಕ್ಕ


ಮೇ ೨೨

ತಂಗೀ,

ಒಂದು ತಿಂಗಳಾಯಿತು. ಅರ್ಜಿ ಬಂದಿಲ್ಲವೆಂದು ವಕೀಲರು ಬರೆದಿದ್ದಾರೆ. ನಿನ್ನಿಂದಲೂ ಪತ್ರವಿಲ್ಲ. ಅಂಚೆಯಲ್ಲಿ ಕಳೆದಿದ್ದರೆ ಹೇಳು, ಇನ್ನೊಂದಕ್ಕೆ ಸಹಿ ಮಾಡುತ್ತೇನೆ.

ಮೈ ಚೆನ್ನಾಗಿದೆ ತಾನೆ?

ಅಕ್ಕ


ಜೂನ್ ೨

ಅಕ್ಕಾ,

ಅರ್ಜಿ ಕಳೆದಿಲ್ಲ. ಕ್ಲಿನಿಕ್‌ನ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದರ ಮೇಲೆ ನಿನ್ನ ಸಹಿ ನೋಡಿದಾಗಲೆಲ್ಲ ಡ್ರಾಯರ್ ಮುಚ್ಚುತ್ತೇನೆ.

ನಿನಗೆ ಗೊತ್ತಾಗಿದೆ. ಏಪ್ರಿಲ್ ಹದಿನೇಳರಂದು ಗೊತ್ತಾಗಿದೆ. ಆ ಹಾಳೆಗಳಲ್ಲಿ "ಮನೆಯಲ್ಲಿ ಯಾರಿದ್ದರು" ಎಂದೊಂದು ಸಾಲಿರುತ್ತದೆ. ರೋಗಿಯನ್ನು ಮಗ್ಗುಲು ಹೊರಳಿಸುವುದು ಹೇಗೆಂದು ಯಾರಿಗಾದರೂ ಕಲಿಸಿ ಹೋಗಬೇಕಲ್ಲ, ಅದಕ್ಕೆ. ಆ ಸಾಲು ತುಂಬಿಸುವುದನ್ನು ನಾನು ನೋಡಿದ್ದೇನೆ. ನಾನಿಲ್ಲದಾಗ ಏನು ಬರೆಯುತ್ತಿದ್ದರೋ ನೋಡಿಲ್ಲ, ಊಹಿಸಬಲ್ಲೆ. ಯಾರೂ ಇಲ್ಲ. ಕೀಲಿ ಮನೆಯ ಕೆಳಗಿನ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ. ಯಾರೂ ಇಲ್ಲ. ಯಾರೂ ಇಲ್ಲ.

ನೀನು ಬೈಯುತ್ತೀಯೆಂದು ಕಾದೆ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ನೀನು ಸ್ಕೂಟರ್ ಕೆಟ್ಟದ್ದನ್ನು ಬರೆದೆ.

ಮೊದಲನೇ ವಾರ ಹೋದೆ. ಅವನು ಉಸಿರೆಳೆಯುವ ಸದ್ದು ಮೆಟ್ಟಿಲಿನವರೆಗೂ ಕೇಳುತ್ತಿತ್ತು. ಕೂತರೆ ನನ್ನ ಕೈ ನೋಡುತ್ತಿದ್ದ, ಏನಾದರೂ ಮಾಡಲಿ ಎನ್ನುವ ಹಾಗೆ. ಏನು ಮಾಡುವುದೋ ನನಗೆ ಗೊತ್ತಾಗುತ್ತಿರಲಿಲ್ಲ. ದಿಂಬು ಸರಿ ಮಾಡಿದರೆ ಕೆಮ್ಮುತ್ತಿದ್ದ. ಎರಡನೇ ವಾರ ಒಂದು ದಿನ ತಪ್ಪಿಸಿದೆ, ಮಾರನೆಯ ದಿನ ತಪ್ಪಿಸುವುದು ಸುಲಭವಾಯಿತು. ಆಮೇಲೆ ಕ್ಲಿನಿಕ್ ಮುಚ್ಚಿದ ಮೇಲೂ ಅಲ್ಲೇ ಕೂತಿರುತ್ತಿದ್ದೆ. ಹಳೆಯ ಚೀಟಿಗಳನ್ನು ವರ್ಷದ ಪ್ರಕಾರ ಜೋಡಿಸಿದೆ. ಯಾರಿಗೂ ಬೇಡದ ಕೆಲಸ. ಮನೆಗೆ ಹೋದ ಮೇಲೆ ಯಾರಾದರೂ ಕೇಳಿದರೆ, ಅಣ್ಣನ ಹತ್ತಿರ ಇದ್ದೆ ಎನ್ನುತ್ತಿದ್ದೆ.

ನೀನು ಬರುತ್ತೇನೆ ಎಂದಾಗ ಬೇಡ, ನಾನಿದ್ದೇನೆ, ಅವನಿಗೆ ಜನ ಬೇಡವಂತೆ ಎಂದು ಬರೆದೆ. ಅವನು ಹಾಗೆ ಹೇಳಿರಲಿಲ್ಲ. ನೀನು ಬಂದಿದ್ದರೆ ನಾನಿಲ್ಲ ಎನ್ನುವುದು ಕಾಣುತ್ತಿತ್ತು. ಇಷ್ಟೇ ಕಾರಣ. ದೊಡ್ಡಪ್ಪನ ಮಗಳು ಎಲ್ಲರ ಮುಂದೆ ನನ್ನನ್ನು ಹೊಗಳಿದಾಗ ನೀನು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಇಲ್ಲ ಎನ್ನಲು ನನಗೆ ಅಷ್ಟು ಹೊತ್ತು ಸಾಕಿತ್ತು. ಅನ್ನಲಿಲ್ಲ.

ನಿನಗೆ ಏನು ಬೇಕೋ ಬರೆ.

ತಂಗಿ


ಜೂನ್ ೧೨

ತಂಗೀ,

ಏಪ್ರಿಲ್ ಹದಿನೇಳರಂದು ನಾನು ಆ ಸಾಲನ್ನು ನೋಡಿದ್ದು ನಿಜ. ಮೊದಲ ಹತ್ತು ಹಾಳೆಯಲ್ಲಿ ಗಮನಿಸಲಿಲ್ಲ. ಆಮೇಲೆ ಬೇರೇನನ್ನೂ ಗಮನಿಸಲಾಗಲಿಲ್ಲ. ನಾಲ್ಕು ಗಂಟೆಯವರೆಗೆ ಕೂತದ್ದು ಅದಕ್ಕೇ. ಲೆಕ್ಕ ಹನ್ನೆರಡಕ್ಕೇ ಮುಗಿದಿತ್ತು.

ನೀನು ತಿಳಿದಷ್ಟು ದೊಡ್ಡ ಮನಸ್ಸು ನನಗಿಲ್ಲ. ಒಂದು ಕಾಗದದಲ್ಲಿ ತಾರೀಕುಗಳನ್ನೆಲ್ಲ ನಕಲು ಮಾಡಿಕೊಂಡೆ. ಅಂದೇ ಸಂಜೆ ದೊಡ್ಡಪ್ಪನ ಮಗಳ ಮನೆಗೆ ಹೋದೆ. ಕಾಗದ ಕೈಚೀಲದಲ್ಲಿತ್ತು. ಅವಳು ಚಹಾ ಕೊಟ್ಟಳು, ನಿನ್ನನ್ನು ಹೊಗಳಿದಳು, ನನ್ನ ಮೊಣಕಾಲು ವಿಚಾರಿಸಿದಳು. ಚೀಲದ ಕೊಂಡಿ ಎರಡು ಸಲ ತೆರೆದೆ. ಎರಡನೇ ಸಲ ತೆರೆದಾಗ ಕೈವಸ್ತ್ರ ತೆಗೆದು ಮುಖ ಒರೆಸಿಕೊಂಡು ಎದ್ದು ಬಂದೆ. ಯಾಕೆ ತೋರಿಸಲಿಲ್ಲ ಎನ್ನುವುದು ಆಗ ಗೊತ್ತಾಗಲಿಲ್ಲ. ರೈಲಿನಲ್ಲಿ ಗೊತ್ತಾಯಿತು. ಅದನ್ನೂ ಬರೆಯುತ್ತೇನೆ, ಒಂದೇ ಕಡೆ ತಪಾಸಣೆ ಮಾಡಿದರೆ ಸಾಲದು.

ಬರಬೇಡ ಎಂದು ನೀನು ಬರೆದೆ. ಆ ಪತ್ರ ಓದಿದಾಗ ನನಗೆ ಮೊದಲು ಆದದ್ದು ನಿರಾಳ. ರೈಲಿನ ಚೀಟಿ ಕೊಂಡಿದ್ದೆ. ಅದನ್ನು ವಾಪಸ್ ಮಾಡಲು ಆ ಮಧ್ಯಾಹ್ನವೇ ಹೋದೆ, ಸಾಲಿನಲ್ಲಿ ನಿಂತೆ. ಗಿರಣಿಯಲ್ಲಿ ಯಾರಾದರೂ "ಇದು ಸರಿಯಾಗಿದೆ, ನೋಡ್ಬೇಡಿ" ಎಂದಿದ್ದರೆ ಆ ಬಟ್ಟೆಯ ಥಾನನ್ನೇ ಮೊದಲು ಬಿಚ್ಚಿಸುತ್ತಿದ್ದೆ. ನಿನ್ನ ಪತ್ರವನ್ನು ಬಿಚ್ಚಿ ನೋಡಲಿಲ್ಲ. ಐದು ತಿಂಗಳಲ್ಲಿ ಒಂದು ಸಲವೂ, ಅವನನ್ನೇ ಕೇಳೋಣ ಎನ್ನಿಸಲಿಲ್ಲ. ನೋಡಬೇಡ ಎಂದದ್ದು ನನಗೆ ಅನುಕೂಲವಾಗಿತ್ತು. ಮನೆಯಲ್ಲಿ ಯಾರಿದ್ದರು ಎನ್ನುವ ಸಾಲಿನಲ್ಲಿ ನಾನು ಒಂದು ಸಲವೂ ಇಲ್ಲ.

ನಕಲು ಮಾಡಿದ ಕಾಗದವನ್ನು ಹರಿದು ಹಾಕಿದೆ.

ಇನ್ನೊಂದು ವಿಷಯ. ಹಾಳೆಗಳಲ್ಲಿ ನೋವಿಗೆ ಅಂಕ ಕೊಟ್ಟಿದ್ದಾರೆ, ಸೊನ್ನೆಯಿಂದ ಹತ್ತು. ಮೊದಲ ತಿಂಗಳು ಏಳು, ಎಂಟು ಇದೆ. ಮೂರನೇ ತಿಂಗಳಿನಿಂದ ಮೂರರ ಮೇಲೆ ಹೋಗಿಲ್ಲ. ಅಷ್ಟನ್ನು ಅವರು ಮಾಡಿದ್ದಾರೆ, ನಾವಿಲ್ಲದೆಯೇ ಮಾಡಿದ್ದಾರೆ. ಹಣ ಅಲ್ಲಿಗೇ ಹೋಗಲಿ. ಸಹಿ ಮಾಡು.

ಅಕ್ಕ


ಜುಲೈ ೧

ಅಕ್ಕಾ,

ಸಹಿ ಮಾಡಿ ವಕೀಲರಿಗೆ ಕೊಟ್ಟೆ. ಅದರ ನಕಲನ್ನು ಸಂಸ್ಥೆಗೆ ಅಂಚೆಯಲ್ಲಿ ಕಳಿಸಬಹುದಿತ್ತು. ನಾನೇ ಹೋದೆ. ನೀನು ಹೇಳಿದ ಹಾಗೆ ಮೆಟ್ಟಿಲು ಕಡಿದು, ಆದರೆ ನನಗೆ ಏದುಸಿರು ಬಂದದ್ದು ಅದರಿಂದಲ್ಲ.

ಅಣ್ಣನ ಮನೆಗೆ ಬರುತ್ತಿದ್ದ ಹಿರಿಯ ನರ್ಸ್ ಅಲ್ಲೇ ಔಷಧದ ಕಪಾಟಿನ ಮುಂದೆ ಕೂತು ಮಾತ್ರೆ ಎಣಿಸುತ್ತಿದ್ದರು. ತಲೆಯೆತ್ತಿ ನೋಡಿ ಗುರುತು ಹಿಡಿದರು. ಹಲ್ಲಿನ ಕ್ಲಿನಿಕ್ಕಿನವರಲ್ಲವೇ ಎಂದು ಕುರ್ಚಿ ಎಳೆದರು. ಎಣಿಕೆ ತಪ್ಪಿತೆಂದು ಮತ್ತೆ ಮೊದಲಿನಿಂದ ಎಣಿಸಿದರು. ಮುಗಿಯುವವರೆಗೆ ಕಾದು, ನೀವು ನನ್ನ ಬಗ್ಗೆ ಏನು ತಿಳಿದುಕೊಂಡಿರಿ ಎಂದು ಕೇಳಿಯೇಬಿಟ್ಟೆ. ಅವರು ಮಾತ್ರೆಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದರು.

"ನಾವು ಹೋಗೋ ಮನೆಗಳಲ್ಲಿ ಅರ್ಧಕ್ಕರ್ಧ ಹೀಗೇನೇ," ಎಂದರು. "ಪ್ರೀತಿ ಇಲ್ಲ ಅಂತಲ್ಲ, ನೋಡಕ್ಕಾಗಲ್ಲ. ಎಲ್ರಿಗೂ ನೋಡಕ್ಕಾಗಿದ್ರೆ ನಮ್ಮ ಕೆಲಸ ಯಾಕೆ ಬೇಕಾಗ್ತಿತ್ತು?"

ಸಮಾಧಾನ ಹೇಳುವ ದನಿಯಲ್ಲಿ ಹೇಳಲಿಲ್ಲ. ಇಷ್ಟು ಮಾತ್ರೆ ಉಳಿದಿದೆ ಎನ್ನುವ ಹಾಗೆ ಹೇಳಿದರು. ನನಗೆ ಅದೇ ಒಳ್ಳೆಯದಾಯಿತು.

ನಿನ್ನೆ ದೊಡ್ಡಪ್ಪನ ಮಗಳಿಗೆ ಪತ್ರ ಬರೆದೆ. ನೀನು ಹೇಳಲಿಲ್ಲ, ನಾನು ಹೇಳಬೇಕಲ್ಲ. ಅದರ ಪ್ರತಿ ಇಲ್ಲಿದೆ, ಓದು. ಅಕ್ಕ ಬರಲು ಸಿದ್ಧವಾಗಿದ್ದಳು, ಬೇಡವೆಂದದ್ದು ನಾನು, ಅಣ್ಣನಿಗೆ ಜನ ಬೇಡ ಎಂದದ್ದು ಸುಳ್ಳು, ಮೈ ಸವೆಸಿದ್ದು ನಾನಲ್ಲ, ನರ್ಸುಗಳು, ಐದು ತಿಂಗಳಲ್ಲಿ ನಾನು ಹೋದದ್ದು ಒಟ್ಟು ಎಂಟು ಸಲ, ಇಷ್ಟನ್ನೂ ಬರೆದಿದ್ದೇನೆ. ಎಂಟು ಎಂದು ಬರೆಯುವಾಗ ಬೆರಳು ಮಡಚಿ ಎಣಿಸಿದೆ. ಅವಳು ಇದನ್ನು ನಾಲ್ಕು ಮನೆಗೆ ಓದಿ ಹೇಳುತ್ತಾಳೆ. ಹೇಳಲಿ.

ಹೊರಕೋಣೆಯ ಮಂಚಕ್ಕೆ ಹೊಸ ಹಾಸಿಗೆ ಹಾಕಿಸಿದ್ದೇನೆ ಎಂದು ಬರೆಯಲು ಹೊರಟಿದ್ದೆ. ಹಾಕಿಸಿಲ್ಲ, ಹಳೆಯದೇ ಇದೆ. ಬಿಸಿಲಿಗೆ ಒಣಗಿಸಿದ್ದೇನೆ.

ತಂಗಿ


ಜುಲೈ ೯

ತಂಗೀ,

ನಿನ್ನ ಪತ್ರ, ದೊಡ್ಡಪ್ಪನ ಮಗಳಿಗೆ ಬರೆದುದರ ಪ್ರತಿ, ಎರಡೂ ತಲುಪಿದವು. ಪ್ರತಿಯನ್ನು ಮೂರು ಸಲ ಓದಿದೆ. ನೀನು ಅದನ್ನು ಬರೆಯಬೇಕಾಗಿರಲಿಲ್ಲ ಎಂದು ಹೇಳುವುದಿಲ್ಲ. ಬರೆದದ್ದು ಸರಿ.

ಆದರೆ ಅದರಲ್ಲಿ ಒಂದು ತಪ್ಪಿದೆ, ತಿದ್ದಿ ಅವಳಿಗೆ ಇನ್ನೊಂದು ಕಳಿಸು. ಎಂಟು ಸಲವಲ್ಲ, ಹನ್ನೊಂದು. ಕಾಗದ ಹರಿದರೂ ತಾರೀಕುಗಳು ನನಗೆ ನೆನಪಿವೆ. ಹೋದ ವರ್ಷ ಜೂನ್‌ನಲ್ಲಿ ಎರಡು ದಿನ, ಜುಲೈನಲ್ಲಿ ಒಂದು ದಿನ ನೀನು ಬಂದಾಗ ಅವನು ನಿದ್ದೆಯಲ್ಲಿದ್ದ. ನೀನು ಒಳಗೆ ಹೋಗಲಿಲ್ಲ, ಬಾಗಿಲಲ್ಲೇ ನಿಂತಿದ್ದು ಹೊರಟುಹೋದೆ. ಜುಲೈನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ, ಹಾಳೆಯಲ್ಲಿ ಅದೂ ಇದೆ. ನೀನು ಅವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮೂರೂ ಹಾಳೆಗಳಲ್ಲಿ ನರ್ಸ್ ಬರೆದಿದ್ದಾಳೆ: ಮನೆಯಲ್ಲಿ ತಂಗಿ ಇದ್ದರು.

ಅಕ್ಕ